ಸಾಕಲು ತಂದ ಗಂಡು ನಾಯಿ ಇದ್ದಕ್ಕಿದ್ದಂತೆ ಎಲ್ಲರ ಮೈಮೇಲೆ ಹತ್ತುತ್ತಿದೆ, ವಾಪಸ್ ಕೊಡಬೇಕಾ?

ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ಹೇಳಿಕೊಳ್ಳಲು ಮುಜುಗರದ ವಿಷಯ. ಆದರೆ ಮನೆಯಲ್ಲಿ ದಿನಾ ಇದೇ ಮಾತು, ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ಹುಲೇಕಲ್ ರಸ್ತೆ ಕಡೆ ತೋಟದ ಮನೆ. ನವರಾತ್ರಿ ಮುಗಿದ ವಾರ ಕಾರವಾರದಿಂದ ಒಂದು ಗಂಡು ನಾಯಿ ತಂದೆವು. ಅದನ್ನು ಸಾಕಿದವರಿಗೆ ದೂರದ ಊರಿಗೆ ವರ್ಗವಾಗಿತ್ತು, ಕರೆದುಕೊಂಡು ಹೋಗಲು ಆಗಲಿಲ್ಲ. ಎರಡು ವರ್ಷದ ನಾಟಿ ನಾಯಿ, ಕೆಂಪು ಬಣ್ಣ, ಹೆಸರು ಕೆಂಚ. ಬೀಜ ತೆಗೆಯುವ ಆಪರೇಷನ್ ಆಗಿಲ್ಲ.

ಮೊದಲ ಮೂರು ವಾರ ಇಂಥ ಒಳ್ಳೆಯ ನಾಯಿ ಇಲ್ಲ ಅನ್ನಿಸಿತು. ಜಗಲಿಯ ಬೆಂಚಿನ ಕೆಳಗೆ ಮಲಗಿರುತ್ತಿದ್ದ. ಕರೆದರೆ ಬರುತ್ತಿದ್ದ, ಇಲ್ಲದಿದ್ದರೆ ಇಲ್ಲ. ದೀಪಾವಳಿಗೆ ನೆಂಟರು ಬಂದರು ನೋಡಿ, ಅವತ್ತಿನಿಂದ ಶುರು. ಭಾವನವರು ಚಪ್ಪಲಿ ಬಿಚ್ಚುತ್ತಿದ್ದ ಹಾಗೇ ಅವರ ಕಾಲನ್ನು ಮುಂಗಾಲಿನಿಂದ ಬಿಗಿಯಾಗಿ ಹಿಡಿದು ಹತ್ತಿಬಿಟ್ಟ. ಬಿಡಿಸಲು ಹೋದರೆ ಇನ್ನೂ ಬಿಗಿ. ಎಲ್ಲರೂ ನಕ್ಕರು. ನನಗೆ ಮುಖ ಎತ್ತಲು ಆಗಲಿಲ್ಲ.

ಆಮೇಲೆ ದಿಂಬು, ಹಾಸಿಗೆ ಸುರುಳಿ. ಕಳೆದ ವಾರ ಮಗಳು ನೆಲದ ಮೇಲೆ ಕೂತು ಚಿತ್ರ ಬಿಡಿಸುತ್ತಿದ್ದಳು, ಆರು ವರ್ಷದವಳು. ಹಿಂದಿನಿಂದ ಹತ್ತಿದ. ಬೆನ್ನಿನ ಮೇಲೆ ಉಗುರಿನ ಗೀರು ಬಿತ್ತು, ಕೂಗಿಕೊಂಡಳು. ಮೊನ್ನೆ ಬೆಳಿಗ್ಗೆ ಅತ್ತೆ ತುಳಸಿಕಟ್ಟೆ ಮುಂದೆ ಬಗ್ಗಿ ರಂಗೋಲಿ ಹಾಕುತ್ತಿದ್ದರು. ಅವರ ಮೇಲೂ ಹತ್ತಿದ. ಕಟ್ಟೆ ಹಿಡಿದುಕೊಂಡಿದ್ದಕ್ಕೆ ಬೀಳಲಿಲ್ಲ. ಅವರಿಗೆ 74 ವರ್ಷ. "ಕೂಸಿಗೆ ಏನಾದರೂ ಆದರೆ ಯಾರು ಹೊಣೆ? ಎಲ್ಲಿಂದ ತಂದಿರೋ ಅಲ್ಲಿಗೇ ಬಿಟ್ಟು ಬನ್ನಿ" ಅಂತಾರೆ. ಅವರು ಹೇಳುವುದೂ ತಪ್ಪಲ್ಲ. ಆದರೆ ಬಿಟ್ಟುಬರಲು ಅಲ್ಲಿ ಯಾರೂ ಇಲ್ಲ. ಏನು ಮಾಡಲಿ?

ಕುಮಟಾ ಕಡೆಯವ

ಅಕ್ಕಾ, ಇದು ಯಜಮಾನಿಕೆ ತೋರಿಸುವ ಬುದ್ಧಿ. ಮನೆಯಲ್ಲಿ ನಾನೇ ದೊಡ್ಡವ ಅಂತ ಅದಕ್ಕೆ ಅನ್ನಿಸಿದೆ. ಪೇಪರ್ ಸುರುಳಿ ಮಾಡಿ ಮೂತಿ ಮೇಲೆ ಎರಡು ಕೊಡಿ. ನಮ್ಮ ಅಪ್ಪ ಹಾಗೇ ಸರಿ ಮಾಡಿದ್ದು.

ಕಡಲತಡಿ, ಕಾರವಾರ

ದಯವಿಟ್ಟು ಹೊಡೆಯಬೇಡಿ. ಕುಮಟಾ ಅಣ್ಣಾ, ಬೇಜಾರು ಮಾಡ್ಕೋಬೇಡಿ, ಆದರೆ ಮಗು ಇರುವ ಮನೆ ಅದು. ಹೊಡೆತ ತಿಂದ ನಾಯಿ ಹತ್ತುವುದನ್ನು ಬಿಟ್ಟು ಕಚ್ಚುವುದನ್ನು ಕಲಿತರೆ? ಇನ್ನೊಂದು ಮಾತು. ಈ ಯಜಮಾನಿಕೆ ಕಥೆ ಹುಟ್ಟಿದ್ದೇ ಬೋನಿನಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ. ಕಾಡಿನಲ್ಲಿ ತೋಳಗಳನ್ನು ಬಹಳ ವರ್ಷ ಹಿಂಬಾಲಿಸಿದ ಡೇವಿಡ್ ಮೆಕ್ ಅವರು 1999ರಲ್ಲಿ ಬರೆದರು, ತೋಳದ ಗುಂಪು ಅಂದರೆ ಹೆಚ್ಚಾಗಿ ಅಪ್ಪ ಅಮ್ಮ ಮರಿಗಳ ಸಂಸಾರ, ಕುರ್ಚಿಗಾಗಿ ಹೊಡೆದಾಟ ಅಲ್ಲ ಅಂತ.

ತೋಟದಮನೆ ಅಕ್ಕಾ, ಮನೆ ಸಿಗುವ ತನಕ ನಾಯಿಗಳನ್ನು ಇಟ್ಟುಕೊಂಡು ಸಾಕುವುದು ನನ್ನ ಕೆಲಸ. ಇಲ್ಲಿಯವರೆಗೆ ಹತ್ತೊಂಬತ್ತು ಬಂದು ಹೋಗಿವೆ. ನೀವು ಹೇಳಿದ್ದರಲ್ಲಿ ನನಗೆ ಕಂಡಿದ್ದು "ಮೂರು ವಾರ". ಹೊಸ ಮನೆಗೆ ಬಂದ ನಾಯಿ ಮೊದಲು ಹೆದರಿ ಮುದುಡಿಕೊಂಡಿರುತ್ತೆ. ಅದನ್ನೇ ನಾವು ಒಳ್ಳೆಯ ಗುಣ ಅಂದುಕೊಳ್ಳುತ್ತೇವೆ. ಮೂರು ದಿನ ಗಾಬರಿ, ಮೂರು ವಾರಕ್ಕೆ ಮನೆಯ ಪದ್ಧತಿ ತಿಳಿಯುತ್ತೆ, ಮೂರು ತಿಂಗಳಿಗೆ ತನ್ನ ಮನೆ ಅನ್ನಿಸುತ್ತೆ ಅಂತ ನಮ್ಮಲ್ಲಿ ಲೆಕ್ಕ. ಕೆಂಚ ಈಗ ಮುದುಡಿಕೊಂಡಿದ್ದನ್ನು ಬಿಟ್ಟಿದ್ದಾನೆ. ಅಷ್ಟರಲ್ಲೇ ದೀಪಾವಳಿ, ಪಟಾಕಿ, ಮನೆ ತುಂಬ ಜನ. ಅವನಿಗೆ ತಡೆದುಕೊಳ್ಳಲು ಆಗಿಲ್ಲ.

ಹತ್ತುವುದೆಲ್ಲ ಕಾಮ ಅಲ್ಲ. ಖುಷಿ ಜಾಸ್ತಿಯಾದರೂ ಹತ್ತುತ್ತವೆ, ಹೆದರಿದರೂ ಹತ್ತುತ್ತವೆ. ಆಪರೇಷನ್ ಆದವೂ ಹತ್ತುತ್ತವೆ, ಹೆಣ್ಣು ನಾಯಿಗಳೂ ಹತ್ತುತ್ತವೆ. ಅದಕ್ಕೇ ಮೊದಲು ಒಂದು ಕೆಲಸ ಮಾಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತಲ್ಲ, ಅದರಲ್ಲೇ ಬರೆಯಿರಿ. ಎಷ್ಟು ಗಂಟೆಗೆ, ಯಾರ ಮೇಲೆ, ಅದಕ್ಕೆ ಐದು ನಿಮಿಷ ಮುಂಚೆ ಏನಾಯಿತು. ಒಂದು ವಾರ ಸಾಕು.

ಅಲ್ಲಿಯವರೆಗೆ ಮಗುವನ್ನು ಮತ್ತು ಅವನನ್ನು ಒಂದು ಕ್ಷಣವೂ ಇಬ್ಬರೇ ಇರುವಂತೆ ಬಿಡಬೇಡಿ. ನೀವು ಬಚ್ಚಲಿಗೆ ಹೋದರೂ ಅವನನ್ನು ಕಟ್ಟಿ ಹೋಗಿ. ಮಗಳಿಗೆ "ಅಡಿಕೆ ಮರದ ಹಾಗೆ ನಿಲ್ಲು" ಅಂತ ಆಟದ ಥರ ಕಲಿಸಿ. ಕೈ ಕಟ್ಟಿಕೊಂಡು, ನೆಟ್ಟಗೆ, ಮಾತಾಡದೆ. ಓಡಿದರೆ, ಕೂಗಿದರೆ ಅವನಿಗೆ ಅದು ಇನ್ನೂ ದೊಡ್ಡ ಆಟ.

ಹಳ್ಳದಾಚೆ, ಅಂಕೋಲಾ

ನಮ್ಮನೆ ನಾಯಿಗೆ ಆಪರೇಷನ್ ಆಗಿ ನಾಲ್ಕು ವರ್ಷ. ಈಗಲೂ ನೆಂಟರು ಬಂದಾಗ ಸೋಫಾದ ದಿಂಬು ಹಿಡಿಯುತ್ತಾನೆ. ಎರಡು ನಿಮಿಷ, ಆಮೇಲೆ ಬಿಟ್ಟು ನೀರು ಕುಡಿದು ಮಲಗುತ್ತಾನೆ. ಕಡಲತಡಿ ಅಕ್ಕ ಹೇಳಿದ್ದು ನಿಜ.

ನಿವೃತ್ತ ಪಶುವೈದ್ಯ, ಯಲ್ಲಾಪುರ

ತಂಗೀ, ನಡತೆ ಬಗ್ಗೆ ಇವರು ಸರಿಯಾಗಿ ಹೇಳಿದ್ದಾರೆ. ನಾನು ಮೈಯ ಬಗ್ಗೆ ಹೇಳುತ್ತೇನೆ. ಇದ್ದಕ್ಕಿದ್ದಂತೆ ಶುರುವಾಗಿದೆ ಅಂದಿರಿ. ಇದ್ದಕ್ಕಿದ್ದಂತೆ ಶುರುವಾದ ಯಾವುದನ್ನೂ ಒಮ್ಮೆ ಡಾಕ್ಟರಿಗೆ ತೋರಿಸದೆ ಬರೀ ಬುದ್ಧಿ ಅಂತ ತೀರ್ಮಾನ ಮಾಡಬಾರದು. ಉಚ್ಚೆಯಲ್ಲಿ ಉರಿ, ಚರ್ಮದ ತುರಿಕೆ, ತೊಡೆ ಸಂದಿಯಲ್ಲಿ ಉಣ್ಣಿ, ಪ್ರಾಸ್ಟೇಟ್ ಗ್ರಂಥಿಯ ಬಾವು, ಇವೆಲ್ಲ ನಾಯಿಯನ್ನು ಹೀಗೆ ಕಾಡುತ್ತವೆ. ಪದೇಪದೇ ಅಲ್ಲೇ ನೆಕ್ಕಿಕೊಳ್ಳುತ್ತಾನಾ? ಸ್ವಲ್ಪ ಸ್ವಲ್ಪ ಉಚ್ಚೆ ಹೊಯ್ಯುತ್ತಾನಾ? ಎರಡು ಬೀಜವೂ ಕೆಳಗೆ ಇಳಿದಿವೆಯಾ? ಒಂದು ಹೊಟ್ಟೆಯೊಳಗೇ ಉಳಿದಿದ್ದರೆ ಮುಂದೆ ಗಡ್ಡೆಯಾಗುವ ಅಪಾಯ ಜಾಸ್ತಿ. ಅಂಥದ್ದನ್ನು ತೆಗೆಸಲೇಬೇಕು.

ಒಂದು ವಿಷಯಕ್ಕೆ ಎಲ್ಲರೂ ಹೆದರುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಉದ್ರೇಕವಾದಾಗ ಲಿಂಗದ ಬುಡದಲ್ಲಿ ನಿಂಬೆಹಣ್ಣಿನ ಹಾಗೆ ಎರಡು ಉಂಡೆ ಊದುತ್ತವೆ. ಅದು ಗಡ್ಡೆ ಅಲ್ಲ, ಗಂಡು ನಾಯಿಯ ಮೈಯೇ ಹಾಗೆ. ಸುಮ್ನೆ ಬಿಟ್ಟರೆ ಅರ್ಧ ಗಂಟೆಯೊಳಗೆ ಇಳಿಯುತ್ತೆ. ಆದರೆ ಲಿಂಗ ಒಳಗೆ ಹೋಗದೆ ಹೊರಗೇ ಉಳಿದು, ಒಣಗಿ, ಕಪ್ಪಾಗುತ್ತಾ ಬಂದರೆ ಅದು ತುರ್ತು. ಒಂದು ಗಂಟೆಗಿಂತ ಕಾಯಬೇಡಿ. ಶುದ್ಧ ನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಒದ್ದೆ ಇಟ್ಟು, ನೇರ ಡಾಕ್ಟರ ಹತ್ತಿರ.

ಕೊನೆಯದಾಗಿ, ಇದು ಯಾವ ತಿಂಗಳು ಅಂತ ನೆನಪಿಸಿಕೊಳ್ಳಿ. ಕಾರ್ತಿಕ. ನಮ್ಮ ಹಿರಿಯರು ಸುಮ್ನೆ ಕಾರ್ತಿಕ ಮಾಸದ ನಾಯಿ ಅನ್ನಲಿಲ್ಲ. ಮಳೆ ಮುಗಿಯುವ ಹೊತ್ತಿಗೆ ಬೀದಿಯ ಹೆಣ್ಣು ನಾಯಿಗಳು ಬೆದೆಗೆ ಬರುವುದು ಜಾಸ್ತಿ. ಒಂದು ಸಲ ಬಂದರೆ ಹತ್ತಿರ ಹತ್ತಿರ ಮೂರು ವಾರ ಇರುತ್ತೆ. ಅಕ್ಕಪಕ್ಕದಲ್ಲಿ ಯಾವುದಾದರೂ ಇದೆಯಾ ನೋಡಿ.

ತೋಟದಮನೆ, ಶಿರಸಿ

ಎಲ್ಲರಿಗೂ ಧನ್ಯವಾದ. ಆರು ದಿನ ಕ್ಯಾಲೆಂಡರಿನಲ್ಲಿ ಬರೆದೆ. ಒಟ್ಟು ಹನ್ನೊಂದು ಸಲ. ಅದರಲ್ಲಿ ಏಳು, ಹೊರಗಿನವರು ಬಂದು ಹತ್ತು ನಿಮಿಷದೊಳಗೆ. ಮೂರು, ಸಂಜೆ ಮಗಳು ಶಾಲೆಯಿಂದ ಬಂದು ಅಂಗಳದಲ್ಲಿ ಓಡುವಾಗ. ಒಂದೇ ಒಂದು ಸಲ ಯಾರೂ ಇಲ್ಲದಾಗ, ದಿಂಬಿನ ಮೇಲೆ. ರಾತ್ರಿ ಎಂದೂ ಇಲ್ಲ.

ಡಾಕ್ಟ್ರೇ, ನೀವು ಹೇಳಿದ ಹಾಗೇ ಆಯಿತು. ಕೆಳಗಿನ ಮನೆಯ ಹೆಣ್ಣು ನಾಯಿ ಬೆದೆಗೆ ಬಂದಿದೆ. ಕೆಂಚ ದಣಪೆ (ಬೇಲಿಯ ಗೇಟು) ಹತ್ತಿರ ನಿಂತು ಮೂಗು ಎತ್ತಿ ಗಾಳಿ ಹಿಡಿಯುತ್ತಾನೆ, ಹಲ್ಲು ಕಟಕಟ ಅನ್ನಿಸುತ್ತಾನೆ, ಬಾಯಲ್ಲಿ ನೊರೆ. ಎರಡು ದಿನ ಅನ್ನ ಮುಟ್ಟಲಿಲ್ಲ. ನನಗೆ ಹುಷಾರಿಲ್ಲವೇನೋ ಅನ್ನಿಸಿತ್ತು.

ಇನ್ನೊಂದು ಕಂಡಿತು. ಹತ್ತುವ ಮುಂಚೆ ಅವನು ಸುಮ್ಮನೆ ಹತ್ತುವುದಿಲ್ಲ. ಮೊದಲು ಎರಡು ಮೂರು ಸಲ ಆಕಳಿಸುತ್ತಾನೆ. ತುಟಿ ನೆಕ್ಕುತ್ತಾನೆ. ಆಮೇಲೆ ಸುತ್ತುಹಾಕಿ ಹಿಂದೆ ಬಂದು ಗದ್ದವನ್ನು ನಮ್ಮ ತೊಡೆಗೋ ಬೆನ್ನಿಗೋ ಒತ್ತುತ್ತಾನೆ. ಗದ್ದ ಒತ್ತಿದ ಮೇಲೆ ಎಣಿಸಿದರೆ ಎರಡು ಸೆಕೆಂಡು. ಇಷ್ಟು ದಿನ ಅವನು ಪ್ರೀತಿಯಿಂದ ಗದ್ದ ಇಡುತ್ತಾನೆ ಅಂದುಕೊಂಡು ನಾನೇ ತಲೆ ಸವರುತ್ತಿದ್ದೆ.

ಕಡಲತಡಿ, ಕಾರವಾರ

ಅಕ್ಕಾ, ನಿಮ್ಮ ಅರ್ಧ ಕೆಲಸ ಮುಗಿಯಿತು. ಆಕಳಿಕೆ ಮತ್ತು ಗದ್ದದ ನಡುವೆ ನಿಮಗೆ ಸಮಯ ಇದೆ. ಹತ್ತಿದ ಮೇಲೆ ಬಿಡಿಸುವುದಲ್ಲ, ಆಕಳಿಸಿದಾಗಲೇ ಬೇರೆ ಕೆಲಸ ಕೊಡುವುದು.

ನಾನು ಮಾಡುವುದು ಹೀಗೆ. ಮನೆಯಲ್ಲಿ ಯಾರಾದರೂ ಎಚ್ಚರ ಇರುವಾಗ ಕುತ್ತಿಗೆಪಟ್ಟಿಗೆ ಆರು ಅಡಿ ಹಗುರ ಹಗ್ಗ ಹಾಕಿ ನೆಲದ ಮೇಲೆ ಎಳೆದುಕೊಂಡು ಓಡಾಡಲು ಬಿಡುತ್ತೇನೆ. ತುದಿಯಲ್ಲಿ ಕುಣಿಕೆ ಇರಬಾರದು, ಎಲ್ಲಾದರೂ ಸಿಕ್ಕಿಕೊಳ್ಳುತ್ತೆ. ಹತ್ತಿದರೆ ಮೈ ಮುಟ್ಟದೆ, ಬೈಯದೆ, ನಗದೆ ಹಗ್ಗ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗುವುದು. ತಳ್ಳಿದರೆ, ಕಿರುಚಿದರೆ, ನಕ್ಕರೆ ಅದೆಲ್ಲ ಅವನಿಗೆ ಗಮನ ಸಿಕ್ಕ ಹಾಗೆ.

ಆಮೇಲೆ ಗೋಣಿಚೀಲ. ಒಂದೇ ಗೋಣಿ, ಒಂದೇ ಜಾಗ, ಬಾಗಿಲಿನಿಂದ ಸ್ವಲ್ಪ ದೂರ. ಮನೆ ಶಾಂತವಾಗಿದ್ದಾಗ "ಗೋಣಿ" ಅಂತ ಹೇಳಿ ತಿಂಡಿಯ ಚೂರನ್ನು ಅದರ ಮೇಲೆ ಎಸೆಯಿರಿ. ಹೋಗಿ ತಿಂದರೆ ಇನ್ನೊಂದು. ಕೂತರೆ ಇನ್ನೊಂದು. ಮಲಗಿದರೆ ಎರಡು. ದಿನಕ್ಕೆ ನಾಲ್ಕು ಸಲ, ಒಂದೊಂದು ಸಲ ಮೂರೇ ನಿಮಿಷ. ಹತ್ತು ದಿನ ಆದ ಮೇಲೆ ಮನೆಯವರೇ ಹೊರಗೆ ಹೋಗಿ ಬಾಗಿಲು ತಟ್ಟಿ ಒಳಗೆ ಬನ್ನಿ. ನಿಜವಾದ ನೆಂಟರು ಆಮೇಲೆ. ಪೂರ್ತಿ ಕಲಿಯುವ ಮುಂಚೆ ನೆಂಟರು ಬಂದರೆ ಪರೀಕ್ಷೆ ಮಾಡಲು ಹೋಗಬೇಡಿ. ಹಿಂದಿನ ಕೋಣೆಯಲ್ಲಿ ಬಿಟ್ಟು ಜಗಿಯಲು ಏನಾದರೂ ಕೊಡಿ.

ನಾವು ಮುಳ್ಳು ತೆಗೆದ ಬೇಯಿಸಿದ ಬಂಗಡೆ ಕೊಡುತ್ತೇವೆ, ಉಪ್ಪಿಲ್ಲದೆ. ನಿಮ್ಮಲ್ಲಿ ಮೀನು ಇರಲಿಕ್ಕಿಲ್ಲ. ಬೇಯಿಸಿದ ಗೆಣಸು, ಒಣಗಿದ ದೋಸೆಯ ಚೂರು ನಡೆಯುತ್ತೆ. ಈರುಳ್ಳಿ ಹಾಕಿದ್ದು ಬೇಡ. ಪಾಯಸದ ಒಣದ್ರಾಕ್ಷಿಯಂತೂ ಬೇಡವೇ ಬೇಡ, ನಾಯಿಯ ಮೂತ್ರಪಿಂಡಕ್ಕೆ ವಿಷ ಅದು.

ಸಂಜೆ ಮಗಳು ಬರುವ ಅರ್ಧ ಗಂಟೆ ಮುಂಚೆ ಅವನನ್ನು ತೋಟಕ್ಕೆ ಕರೆದುಕೊಂಡು ಹೋಗಿ. ಓಡಿಸುವುದು ಬೇಡ, ಮೂಸಲು ಬಿಡಿ. ಗೆಣಸಿನ ಚೂರುಗಳನ್ನು ತರಗೆಲೆಯಲ್ಲಿ ಎಸೆದು ಹುಡುಕಲು ಬಿಟ್ಟರೆ ಹದಿನೈದು ನಿಮಿಷಕ್ಕೆ ದಣಿಯುತ್ತಾನೆ.

ಗಡಿಹಳ್ಳಿ, ಸಿದ್ದಾಪುರ

ತರಗೆಲೆ ಅಂದ ತಕ್ಷಣ ಒಂದು ಮಾತು. ನಮ್ಮ ಕಡೆ ಚಳಿ ಶುರುವಾದ ಮೇಲೆ ಬೇಸಿಗೆ ತನಕ ಮಂಗನ ಕಾಯಿಲೆ ಭಯ. ಅದನ್ನು ತರುವುದು ಕಾಡಿನ ಉಣ್ಣಿ. ನಾಯಿ ತರಗೆಲೆಯಲ್ಲಿ ಮೂಗು ಹಾಕಿ ಬಂದರೆ ಉಣ್ಣಿ ಮನೆಗೇ ಬರುತ್ತೆ. ಕಾಡಿನಂಚಿಗೆ ಬೇಡ, ಗುಡಿಸಿದ ಅಂಗಳದಲ್ಲೇ ಆಡಿಸಿ. ಬಂದ ಮೇಲೆ ಕಿವಿಯೊಳಗೆ, ಬೆರಳ ಸಂದಿ, ತೊಡೆ ಸಂದಿ ನೋಡಿ. ಬರಿಗೈಯಲ್ಲಿ ಹಿಸುಕಬೇಡಿ.

ಕಡಲತಡಿ, ಕಾರವಾರ

ಹೌದು, ಘಟ್ಟದ ಮೇಲಿನ ಈ ವಿಷಯ ನನಗೆ ಹೊಳೆಯಲಿಲ್ಲ. ಅಂಗಳವೇ ಸರಿ. ಹಳೇ ಬಟ್ಟೆ ಸುರುಳಿಯಲ್ಲಿ ಚೂರುಗಳನ್ನು ಸುತ್ತಿಟ್ಟರೂ ಆಗುತ್ತೆ.

ತೋಟದಮನೆ, ಶಿರಸಿ

ಆಪರೇಷನ್ ವಿಷಯ ಕೇಳಬೇಕಿತ್ತು. ಮಾಡಿಸಿದರೆ ಇದು ನಿಲ್ಲುತ್ತಾ? ನಮ್ಮ ಯಜಮಾನರಿಗೆ ಮನಸ್ಸಿಲ್ಲ. ಪಾಪ, ಅವನ ಗಂಡುತನ ಯಾಕೆ ಕಿತ್ತುಕೊಳ್ಳಬೇಕು, ಆಮೇಲೆ ತೋಟಕ್ಕೆ ಮಂಗ ಬಂದರೆ ಬೊಗಳುವುದೂ ಇಲ್ಲ ಅಂತಾರೆ.

ಹೊಳೆಸಾಲು, ಹೊನ್ನಾವರ

ನಮ್ಮ ಯಜಮಾನರೂ ಇದೇ ಹೇಳಿದ್ದರು. ನಾವು ಮಾಡಿಸಲಿಲ್ಲ. ಏನಾಯಿತು ಅಂತ ಹೇಳುತ್ತೇನೆ.

ನಮ್ಮ ಬೊಗ್ಗ ಹೀಗೇ ಕಾರ್ತಿಕದಲ್ಲಿ ಬೇಲಿ ಹಾರಿ ಹೋಗುತ್ತಿದ್ದ. ಎರಡು ದಿನ ಬಿಟ್ಟು ಬರುತ್ತಿದ್ದ, ಮೈತುಂಬ ಗಾಯ. ಒಂದು ಚಳಿಗಾಲ ಜಗಲಿಯ ಮೇಲೆ ರಕ್ತದ ಹನಿ ಕಾಣಿಸಿತು. ಕಾಲಿಗೆ ಗಾಯ ಆಗಿದೆ ಅಂದುಕೊಂಡೆವು. ನೋಡಿದರೆ ಲಿಂಗದಿಂದ ಹನಿಯುತ್ತಿತ್ತು. ಡಾಕ್ಟರ್ ಚರ್ಮ ಹಿಂದೆ ಸರಿಸಿ ತೋರಿಸಿದರು. ಒಳಗೆ ಹೂಕೋಸಿನ ಹಾಗೆ ಕೆಂಪು ಗಡ್ಡೆ. ಬೀದಿ ನಾಯಿಗಳ ಕೂಟದಿಂದ ಹರಡುವ ಕ್ಯಾನ್ಸರ್ ಅಂತೆ ಅದು. ವಾರಕ್ಕೊಂದು ವಿನ್‌ಕ್ರಿಸ್ಟಿನ್ ಇಂಜೆಕ್ಷನ್, ಒಟ್ಟು ಐದು. ಪ್ರತಿ ಸಲ ಎರಡು ದಿನ ಊಟ ಬಿಡುತ್ತಿದ್ದ, ಮೂಲೆ ಹಿಡಿಯುತ್ತಿದ್ದ. ಗುಣವಾಯಿತು. ಆಮೇಲೆ ಆಪರೇಷನ್ನೂ ಮಾಡಿಸಿದೆವು.

ನಮ್ಮ ಪಕ್ಕದ ಮನೆಯ ನಾಯಿಗೆ ಆ ಭಾಗ್ಯವೂ ಇರಲಿಲ್ಲ. ಹೆಣ್ಣು ನಾಯಿಯ ಹಿಂದೆ ರಾತ್ರಿ ಹೋದದ್ದು, ಬೆಳಿಗ್ಗೆ ಹಾಡಿಯ ಅಂಚಿನಲ್ಲಿ ಪಟ್ಟಿ ಮಾತ್ರ ಸಿಕ್ಕಿತು. ಚಿರತೆ. ನಿಮ್ಮದೂ ತೋಟದ ಮನೆ, ಯೋಚನೆ ಮಾಡಿ ಅಕ್ಕಾ.

ಬೊಗ್ಗ ಈಗಲೂ ಮಂಗನಿಗೆ ಬೊಗಳುತ್ತಾನೆ. ಪೋಸ್ಟ್‌ಮನ್ನಿಗೂ ಬೊಗಳುತ್ತಾನೆ.

ನಿವೃತ್ತ ಪಶುವೈದ್ಯ, ಯಲ್ಲಾಪುರ

ನಿಮ್ಮ ಯಜಮಾನರಿಗೆ ಎತ್ತಿನ ಮಾತು ಹೇಳಿ. ಹೋರಿಗೆ ಬೀಜ ಒಡೆಸಿದ ಮೇಲೇ ಅಲ್ವಾ ಅದು ಎತ್ತಾಗಿ ಗದ್ದೆ ಊಳುವುದು, ಗಾಡಿ ಎಳೆಯುವುದು? ನಾಯಿ ಬೊಗಳುವುದು ತನ್ನ ಜಾಗ, ತನ್ನ ಜನ ಅಂತ. ಅದಕ್ಕೂ ಬೀಜಕ್ಕೂ ಸಂಬಂಧ ಕಡಿಮೆ. ನಾಯಿಗೆ ಮಾಡುವಾಗ ಪೂರ್ತಿ ಅರಿವಳಿಕೆ ಕೊಟ್ಟು ಮಾಡುತ್ತಾರೆ, ಹಿಂದೆ ಹೋರಿಗೆ ಮಾಡುತ್ತಿದ್ದ ಹಾಗೆ ನೋವು ಕೊಟ್ಟಲ್ಲ.

ನಿಲ್ಲುತ್ತಾ ಅಂದರೆ, ಪೂರ್ತಿ ನಿಲ್ಲುತ್ತೆ ಅಂತ ನಾನು ಮಾತು ಕೊಡಲಾರೆ. 1997ರಲ್ಲಿ ಅಮೆರಿಕದಲ್ಲಿ 57 ಗಂಡು ನಾಯಿಗಳನ್ನು ನೋಡಿ ಒಂದು ಅಧ್ಯಯನ ಬಂತು. ಮೈಮೇಲೆ ಹತ್ತುವುದು, ಮನೆಯೊಳಗೆ ಉಚ್ಚೆ ಹೊಯ್ದು ಗುರುತು ಮಾಡುವುದು, ಮನೆ ಬಿಟ್ಟು ಅಲೆಯುವುದು, ಈ ಮೂರೂ ಹೆಚ್ಚಿನ ನಾಯಿಗಳಲ್ಲಿ ಅರ್ಧಕ್ಕಿಂತ ಕಡಿಮೆಯಾದವು. ಹೆಚ್ಚುಕಡಿಮೆ ಪೂರ್ತಿ ನಿಂತಿದ್ದು ಅರ್ಧದಷ್ಟು ನಾಯಿಗಳಲ್ಲೂ ಅಲ್ಲ. ನಾಯಿಗೆ ವಯಸ್ಸಾಗಿದೆ, ಅಭ್ಯಾಸ ಹಳೆಯದಾಗಿದೆ ಅನ್ನುವುದರಿಂದ ಫಲಿತಾಂಶ ಬದಲಾಗಲಿಲ್ಲ. ಅಂದರೆ ಎರಡು ವರ್ಷ ಆಗಿಹೋಯಿತು, ಇನ್ನು ಮಾಡಿಸಿ ಏನು ಪ್ರಯೋಜನ ಅನ್ನಬೇಡಿ. ಆದರೆ ಗೋಣಿಚೀಲದ ಪಾಠವನ್ನೂ ಬಿಡಬೇಡಿ. ಬೆದೆಯ ವಾಸನೆಗೆ ಹತ್ತುವುದನ್ನು ಆಪರೇಷನ್ ಕಡಿಮೆ ಮಾಡುತ್ತೆ, ನೆಂಟರನ್ನು ಕಂಡು ಹತ್ತುವುದನ್ನು ಪಾಠವೇ ಕಡಿಮೆ ಮಾಡಬೇಕು. ನಿಮ್ಮ ಕ್ಯಾಲೆಂಡರ್ ನೋಡಿದರೆ ಕೆಂಚನಿಗೆ ಎರಡೂ ಬೇಕು.

ತೀರಾ ಅಂಜುಬುರುಕ ನಾಯಿಯಾದರೆ ಮೊದಲು ಡಾಕ್ಟರ ಹತ್ತಿರ ಅದನ್ನು ಹೇಳಿ. ಕೆಲವು ನಾಯಿಗಳಲ್ಲಿ ಆಮೇಲೆ ಅಂಜಿಕೆ ಹೆಚ್ಚಿದ್ದನ್ನು ನೋಡಿದ್ದೇನೆ. ಮತ್ತೆ, ಆಪರೇಷನ್ ಆದ ಮರುದಿನವೇ ಬಿಟ್ಟುಬಿಡಬೇಡಿ. ಒಳಗೆ ಉಳಿದ ವೀರ್ಯದಿಂದ ಒಂದು ತಿಂಗಳವರೆಗೂ ಹೆಣ್ಣು ನಾಯಿಗೆ ಗರ್ಭ ಕಟ್ಟಬಹುದು.

ಬೀದಿ ನಾಯಿಗಳ ಆಪರೇಷನ್ ಸ್ಥಳೀಯ ಸಂಸ್ಥೆಗಳ ಕೆಲಸ. ಮನೆಯ ನಾಯಿಯದು ಸಾಕಿದವರದೇ ಜವಾಬ್ದಾರಿ ಅಂತ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಲ್ಲೇ ಇದೆ. ಹುಚ್ಚುನಾಯಿ ರೋಗದ ಲಸಿಕೆ ಆಗಿದೆಯಾ ಅಂತ ಹಳೆಯ ಮಾಲೀಕರನ್ನು ಕೇಳಿ. ಚೀಟಿ ಇಲ್ಲದಿದ್ದರೆ ಆಗಿಲ್ಲ ಅಂತಲೇ ಲೆಕ್ಕ, ಮತ್ತೆ ಹಾಕಿಸಿ. ಮಗುವಿಗೆ ಗೀರು ಬಿದ್ದಿದೆ ಅಂದಿರಿ. ಸೋಪು ಹಚ್ಚಿ ನೀರಿನಲ್ಲಿ ತೊಳೆದಿರಾ? ಇನ್ನೂ ತೋರಿಸಿಲ್ಲದಿದ್ದರೆ ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದರಲ್ಲಿ ತಡ ಬೇಡ.

ತೋಟದಮನೆ, ಶಿರಸಿ

ಅವತ್ತೇ ತೊಳೆದು ಆಸ್ಪತ್ರೆಗೆ ತೋರಿಸಿದ್ದೆವು ಡಾಕ್ಟ್ರೇ. ಅವರು ಹೇಳಿದಷ್ಟು ಇಂಜೆಕ್ಷನ್ ಹಾಕಿಸುತ್ತಿದ್ದೇವೆ. ಕೆಂಚನ ಲಸಿಕೆ ಚೀಟಿ ಫೋನಿನಲ್ಲಿ ತರಿಸಿಕೊಂಡೆ, ಜೂನ್‌ನಲ್ಲಿ ಆಗಿದೆ.

ನಾಯಿಯನ್ನೂ ತೋರಿಸಿದೆವು. ಬೀಜ ಎರಡೂ ಸರಿ ಇವೆ. ಆದರೆ ತೊಡೆ ಸಂದಿಯಲ್ಲಿ ಒಂಬತ್ತು ಉಣ್ಣಿ ಸಿಕ್ಕವು. ಆಪರೇಷನ್ನಿಗೆ ಮುಂಚೆ ರಕ್ತ ಪರೀಕ್ಷೆ ಮಾಡಿದರು, ಪ್ಲೇಟ್‌ಲೆಟ್ ತೀರಾ ಕಡಿಮೆ. ಉಣ್ಣಿ ಜ್ವರ. ಈಗ ಕೊಯ್ದರೆ ರಕ್ತ ನಿಲ್ಲುವುದಿಲ್ಲ ಅಂತ ಮುಂದಕ್ಕೆ ಹಾಕಿದರು. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟಿದ್ದಾರೆ. ಪರೀಕ್ಷೆ ಮಾಡದೆ ನೇರ ಟೇಬಲ್ಲಿಗೆ ಹಾಕಿದ್ದರೆ ಏನಾಗುತ್ತಿತ್ತೋ.

ನಿವೃತ್ತ ಪಶುವೈದ್ಯ, ಯಲ್ಲಾಪುರ

ಒಳ್ಳೆಯ ಡಾಕ್ಟರ್ ಸಿಕ್ಕಿದ್ದಾರೆ. ಮಾತ್ರೆಯನ್ನು ಊಟದ ಜೊತೆ ಕೊಡಿ, ಮೇಲೆ ನೀರು ಕುಡಿಸಿ, ಗಂಟಲಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತೆ. ಓದುವ ಬೇರೆಯವರು ಇದನ್ನು ನೋಡಿ ಅಂಗಡಿಯಿಂದ ತಂದು ಕೊಡಬೇಡಿ. ಪ್ರಮಾಣ ತೂಕದ ಮೇಲೆ ಹೋಗುತ್ತೆ.

ಕುಮಟಾ ಕಡೆಯವ

ಮೂತಿಗೆ ಹೊಡೆಯಿರಿ ಅಂದಿದ್ದೆ. ಆ ನಾಯಿ ಜ್ವರದಲ್ಲಿ ಇತ್ತು ಅಂತ ಓದಿ ಮನಸ್ಸಿಗೆ ಕಷ್ಟವಾಯಿತು. ನಮ್ಮನೆಯಲ್ಲಿ ಅಪ್ಪ ಸರಿ ಮಾಡಿದ ನಾಯಿ ಕೊನೆಯವರೆಗೂ ಅಪ್ಪನ ಹತ್ತಿರ ಬರುತ್ತಿರಲಿಲ್ಲ. ಅದು ಈಗ ನೆನಪಾಯಿತು. ಕ್ಷಮಿಸಿ ಅಕ್ಕಾ.

ತೋಟದಮನೆ, ಶಿರಸಿ

ಪರವಾಗಿಲ್ಲ ತಮ್ಮಾ. ನಾನೂ ಒಂದು ಸಲ ಹೊಡೆದಿದ್ದೆ.

ತೋಟದಮನೆ, ಶಿರಸಿ

ಮೂರು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಕೇಳಿದವರಿದ್ದರು, ಹಾಗಾಗಿ.

ಮಾತ್ರೆ ಮುಗಿದು, ಮತ್ತೆ ರಕ್ತ ಪರೀಕ್ಷೆಯಾಗಿ, ಸಂಕ್ರಾಂತಿ ಕಳೆದ ಮೇಲೆ ಆಪರೇಷನ್ ಆಯಿತು. ಹಿಂದಿನ ರಾತ್ರಿಯಿಂದ ಊಟ ಕೊಡಬೇಡಿ ಅಂದಿದ್ದರು. ಬೆಳಿಗ್ಗೆ ಕರೆದುಕೊಂಡು ಹೋಗಿ ಸಂಜೆ ಕರೆದುಕೊಂಡು ಬಂದೆವು. ಗಾಯ ನೆಕ್ಕದ ಹಾಗೆ ಕುತ್ತಿಗೆಗೆ ಪ್ಲಾಸ್ಟಿಕ್ ಕೋನ್ ಹಾಕಿದ್ದರು. ಮೊದಲ ರಾತ್ರಿ ಅದನ್ನು ಬಾಗಿಲಿಗೆ, ಬೆಂಚಿಗೆ ಬಡಿದುಕೊಂಡು ಅಳುತ್ತಿದ್ದ. ಯಜಮಾನರೇ ಜಗಲಿಯಲ್ಲಿ ಚಾಪೆ ಹಾಕಿಕೊಂಡು ಪಕ್ಕದಲ್ಲಿ ಮಲಗಿದರು. ಹನ್ನೆರಡನೇ ದಿನ ಹೊಲಿಗೆ ಬಿಚ್ಚಿದರು. ಡಾಕ್ಟರ್ ಊಟ ಸ್ವಲ್ಪ ಕಡಿಮೆ ಮಾಡಿ, ಇನ್ನು ಬೇಗ ದಪ್ಪ ಆಗುತ್ತಾನೆ ಅಂದರು.

ಹತ್ತುವುದು ಪೂರ್ತಿ ನಿಂತಿಲ್ಲ. ಮೊದಲ ಮೂರು ವಾರ ಏನೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ನಿಧಾನ ಇಳಿಯಿತು. ಕ್ಯಾಲೆಂಡರಿನಲ್ಲಿ ಕಳೆದ ತಿಂಗಳು ಎರಡೇ ಗುರುತು, ಎರಡೂ ದಿಂಬು. ಮಗಳ ಮೇಲೆ ಒಂದೂ ಇಲ್ಲ. ಅವಳು ಈಗಲೂ ಅಂಗಳಕ್ಕೆ ಬಂದರೆ ಮೊದಲು ಅಡಿಕೆ ಮರದ ಹಾಗೆ ನಿಲ್ಲುತ್ತಾಳೆ. ಇಬ್ಬರನ್ನೇ ಬಿಡುವುದಿಲ್ಲ ಅನ್ನುವುದನ್ನೂ ನಾವು ಸಡಿಲ ಮಾಡಿಲ್ಲ. ದಣಪೆ ಹತ್ತಿರ ನಿಂತು ಗಾಳಿ ಹಿಡಿಯುವುದನ್ನು ಬಿಟ್ಟಿದ್ದಾನೆ.

ನಿನ್ನೆ ಭಾವನವರು ಮತ್ತೆ ಬಂದಿದ್ದರು. ಚಪ್ಪಲಿ ಬಿಚ್ಚುವಾಗ ಕೆಂಚ ಎದ್ದ, ಒಂದು ಸಲ ಆಕಳಿಸಿದ. ನಾನು ಅಡುಗೆಮನೆಯಲ್ಲಿದ್ದೆ, ಕೈಯೆಲ್ಲ ಹಿಟ್ಟು. ಬರುವಷ್ಟರಲ್ಲಿ ಅತ್ತೆ ಕೂತಲ್ಲಿಂದಲೇ "ಗೋಣಿ" ಅಂದರು. ಹೋಗಿ ಮಲಗಿದ. ಅತ್ತೆಯ ಸೆರಗಿನ ತುದಿಯಲ್ಲಿ ಗೆಣಸಿನ ಚೂರು ಕಟ್ಟಿಟ್ಟುಕೊಂಡಿದ್ದರು.